ಮೇಷ್ಟ್ರ ಎಡಗೈ

ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡ ಮುದುಕರೊಬ್ಬರು ನನ್ನ ಪಕ್ಕ ಕೂತಿದ್ದರು. ಮಗಳನ್ನು ಒಳಗೆ ಬಿಟ್ಟು ಬಂದ ಹೆಂಗಸೊಬ್ಬರು ಅವರನ್ನು ಕಂಡು ನಿಂತುಬಿಟ್ಟರು.

“ಮೇಷ್ಟ್ರೇ! ನೀವಿಲ್ಲಿ?”

“ಎಡಗೈಗೆ ವಯಸ್ಸಾಯ್ತಮ್ಮ, ನನಗಿನ್ನೂ ಆಗಿಲ್ಲ. ಮಗಳು ಈಗ್ಲೂ ಗಿಟಾರ್ ನುಡಿಸ್ತಾಳಾ?”

“ಎಲ್ಲಿ? ನಾವು ಮನೆ ಬದಲಾಯಿಸಿದ ಮೇಲೆ ಹೊಸ ಟೀಚರ್ ಹತ್ರ ಒಂದೇ ದಿನ ಹೋದ್ಲು. ಬಲಗೈಲಿ ತಂತಿ ಮೀಟೋದು, ಎಡಗಡೆ ತಿರುಗಿ ಕಾಯೋದು. ಅಷ್ಟೇ ಮಾಡಿದ್ಲಂತೆ.”

“ನನ್ನ ಕೈಗೆ ಕಾದಿರ್ತಾಳೆ.”

“ಮತ್ತೆ? ಅವಳ ಎಡಗೈ ಆಡಲ್ಲ ಅಂತ ನಾಲ್ಕು ವರ್ಷ ಪಕ್ಕದಲ್ಲಿ ಕೂತು ತಂತಿ ಒತ್ತಿದ್ದು ನೀವೇ ಅಲ್ವಾ?”

“ಅದೇ ನಾನು ಮಾಡಿದ ತಪ್ಪು. ಒಂದೊಂದು ತಂತೀನೂ ಹಾಡಿನ ಒಂದೊಂದು ಸ್ವರಕ್ಕೆ ಶ್ರುತಿ ಮಾಡಿದ್ರೆ, ಒತ್ತೋ ಕೈ ಇಲ್ದೇನೂ ಸಣ್ಣ ಹಾಡು ನುಡಿಸಬಹುದು.”

“ಇದು ಈಗ ಗೊತ್ತಾಯ್ತಾ ನಿಮಗೆ?”

“ಇಲ್ಲಮ್ಮ. ಮೊದಲ ದಿನಾನೇ ಗೊತ್ತಿತ್ತು.”

“ಮತ್ಯಾಕೆ ಹೇಳ್ಲಿಲ್ಲ?”

ಮೇಷ್ಟ್ರು ಬಿಚ್ಚಿಕೊಂಡಿದ್ದ ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದರು.

“ಒಬ್ಳೇ ನುಡಿಸೋಕೆ ಬಂದುಬಿಟ್ಟಿದ್ರೆ ವಾರಕ್ಕೆ ಮೂರು ಸಲ ಬರ್ತಿದ್ಲಾ? ಒಬ್ಬನೇ ಇರೋ ನನ್ನ ಮನೆಗೆ ಬೇರೆ ಯಾರು ಬರ್ತಿದ್ರು, ಹೇಳು.”

ಆಕೆ ಬೆಂಚಿನ ಆಚೆ ತುದಿಯಲ್ಲಿ ಕೂತರು. ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರನ್ನು ಕೂಗಿದರು.

“ಗಿಟಾರ್ ಜೊತೆ ಅವಳನ್ನ ಮನೆಗೆ ಕರ್ಕೊಂಡು ಬಾಮ್ಮ. ಶ್ರುತಿ ಬದಲಾಯಿಸಿ, ನುಡಿಸೋದು ತೋರಿಸಿಕೊಡ್ತೀನಿ.”

“ಎಷ್ಟು ದಿನ ಬರ್ಬೇಕಾಗುತ್ತೆ ಮೇಷ್ಟ್ರೇ?”

“ಅರ್ಧ ಗಂಟೆ ಸಾಕು,” ಎಂದು ಅವರು ಒಳಗೆ ಹೋದರು.