ಕೈ ಬಳಸದೆ ಪ್ಯಾಂಟು

ಮೂಳೆ ವೈದ್ಯರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ, ಒಬ್ಬ ಬಸ್ ಚಾಲಕ ಊದಿದ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಆಚೆ ಬದಿಗೆ ಅವನ ಅಕ್ಕ.

“ಟೀವಿ ಆಟದಲ್ಲಿ ಹಾಸ್ಯಗಾರರು ಕೈ ಬಳಸದೆ ಪ್ಯಾಂಟು ಹಾಕ್ಕೊಂಡ್ರೆ ಅವರಿಗೆ ದುಡ್ಡು ಕೊಡ್ತಾರೆ. ನಿಂಗ್ಯಾರೋ ಕೊಡ್ತಾರೆ?”

“ನೋಡಿದ್ರೆ ಸುಲಭ ಅನ್ನಿಸ್ತು, ಅಕ್ಕ.”

“ಅವರು ಬಿದ್ದಿದ್ದು ಹಾಸಿಗೆ ಮೇಲೆ, ಮಹಾರಾಯ. ನೀನು ವಾಷಿಂಗ್ ಮಷೀನ್ ಮೇಲೆ.”

“ಒಂದು ಕಾಲು ಅವರಿಗಿಂತ ಬೇಗ ತೂರಿಸಿದ್ದೆ.”

“ಭೇಷ್! ಸೋಮವಾರ ನಿಂಗೆ ಸಿಗಬೇಕಿದ್ದ ಹೊಸ ಬಸ್ಸು ಬೇರೆಯವನ ಪಾಲಾದಾಗ ಅದನ್ನೇ ಹೇಳ್ಕೊಂಡು ತಿರುಗು.”



“ಮೆಟ್ಟಿಲಲ್ಲಿ ಜಾರಿದೆ ಅಂತ ಮೇಲ್ವಿಚಾರಕರಿಗೆ ಹೇಳ್ತೀನಿ.”

“ಹೇಳಪ್ಪ. ಕೈ ಊದೋಕೆ ಮುಂಚೆ ವಿಡಿಯೋನ ಡಿಪೋ ಗ್ರೂಪಿಗೆ ಹಾಕಿ ಮೆರೆದವನು ನೀನೇ ಅಲ್ವಾ?”

“ಅಳಿಸಿಬಿಟ್ಟೆ. ಅಷ್ಟರಲ್ಲಿ ಮೇಲ್ವಿಚಾರಕರೇ ಕೇಳಿಬಿಟ್ಟಿದ್ರು, ಇನ್ನೊಂದು ಕಾಲು ಯಾವಾಗ ಅಂತ.”

ನರ್ಸ್ ಕರೆದಳು. ಅಕ್ಕ ಎದ್ದು, ಅವನಿಗಾಗಿ ಬಾಗಿಲು ತೆರೆದು ಹಿಡಿದಳು.