ಒತ್ತು… ಬಿಡು

ರಾತ್ರಿ ಹತ್ತೂವರೆಗೆ ಅಮರೇಶ ಶೆಡ್ಡಿನ ಬಾಗಿಲೆಳೆದು ಮನೆಯ ಕಡೆ ನಡೆದ. ಸೀಮೆಎಣ್ಣೆಯಲ್ಲಿ ತೊಳೆದ ಕೈ ಇನ್ನೂ ನಾತ ಹೊಡೆಯುತ್ತಿತ್ತು. ಎರಡು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ. ಕಾಲುಗಳು ನಡೆಯುತ್ತಿದ್ದವು, ಅವುಗಳ ಜೊತೆ ಅವನೂ ಹೋಗುತ್ತಿದ್ದ, ಅಷ್ಟೆ.

ಈ ಅಮರೇಶ ನಮ್ಮ ದೊಡ್ಡಪ್ಪನ ಮಗ. ಕೂಡ್ಲಿಗಿಯಲ್ಲಿ ಲಾರಿ ಮೆಕ್ಯಾನಿಕ್. ದೆವ್ವ ನೋಡುವ ಪೈಕಿ ಅಲ್ಲ. ನೋಡಿದರೂ ಅದರ ಯಾವ ನಟ್ಟು ಸಡಿಲಾಗಿದೆ ಎಂದು ಮೊದಲು ಕೇಳುವವನು. ಇದು ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯ ಮಾತು.

ಕೊಟ್ಟೂರು ರಸ್ತೆಯಲ್ಲಿ ಊರು ದಾಟಿ ಒಂದು ಮೈಲಿಗೆ ಇಳಿಜಾರು. ಇಳಿಜಾರಿನ ಕೊನೆಗೆ ತಿರುವು. ತಿರುವಿನಲ್ಲಿ ಆಲದ ಮರ, ಅದರ ಮಗ್ಗುಲಿಗೆ ಕಲ್ಲು ಕಟ್ಟಿದ ಹಳೇ ಬಾವಿ. ಮರದ ಬೊಡ್ಡೆಯಲ್ಲಿ ಆಳೆತ್ತರಕ್ಕೆ ತೊಗಟೆ ಎದ್ದುಹೋಗಿ ಬಿಳಿ ಗಾಯ. ಅಮರೇಶ ಒಂದು ತಿಂಗಳಿಂದ ಆ ಕಡೆ ನೋಡಿರಲಿಲ್ಲ. ಆವತ್ತೂ ತಲೆ ತಗ್ಗಿಸಿಯೇ ದಾಟುತ್ತಿದ್ದ.

ಸ್ಸ್ಸ್ಸ್…

ನಿಂತ.

ಹಾವಲ್ಲ. ಹಾವು ಉಸಿರನ್ನು ಹೊರಗೆ ಬಿಡುತ್ತದೆ. ಇದು ಒಳಗೆ ಎಳೆದುಕೊಳ್ಳುವ ಸಪ್ಪಳ. ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದ ಹಾಗೆ. ಎಳೆದು… ಹಿಡಿದು… ಆಮೇಲೆ ಸಣ್ಣಗೆ, ಫುಕ್.

ಎರಡು ದಿನದಿಂದ ಅವನ ತಲೆ ತಿನ್ನುತ್ತಿದ್ದ ಸಪ್ಪಳವೇ ಅದು. ಶೆಡ್ಡಿನಲ್ಲಿ ನಿಂತಿರುವ ಹಳೇ ಲಾರಿಯ ಬೂಸ್ಟರಿನ ಸಪ್ಪಳ. ಬೂಸ್ಟರ್ ಎಂದರೆ ಬ್ರೇಕ್ ಪೆಡಲಿನ ಮೇಲೆ ಡ್ರೈವರ್ ಕಾಲಿಟ್ಟಾಗ ಅವನ ಜೊತೆ ತಾನೂ ಒತ್ತುವ ಒಂದು ತಗಡಿನ ಡಬ್ಬಿ. ಎಂಜಿನ್ ಓಡುವಾಗ ಒಂದು ಕೊಳವೆಯ ಮೂಲಕ ಡಬ್ಬಿಯ ಗಾಳಿಯನ್ನೆಲ್ಲ ಎಳೆದು ಬರಿದು ಮಾಡಿಡುತ್ತದೆ. ಆ ಬರಿದೇ ಅದರ ಬಲ. ಎಲ್ಲಾದರೂ ಸೀಳಿದರೆ ಹೊರಗಿನ ಗಾಳಿ ನುಗ್ಗಿ ಸ್ಸ್ ಎನ್ನುತ್ತದೆ, ಪೆಡಲು ಕಲ್ಲಾಗುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ.

ಆದರೆ ಲಾರಿ ಒಂದು ಮೈಲಿ ಹಿಂದೆ, ಕತ್ತಲ ಶೆಡ್ಡಿನಲ್ಲಿ, ಎಂಜಿನ್ ಆರಿಸಿ ನಿಂತಿತ್ತು.

"ಅಮರೇಶಾ…" ಯಾರೋ ಪಿಸುಗುಟ್ಟಿದರು.

ಅಮರೇಶ ಗಕ್ಕನೆ ತಿರುಗಿದ. ಪಕ್ಕದ ಹೊಲದಲ್ಲಿ ಕುರಿ ತರುಬಿಕೊಂಡು ಮಲಗಿದ್ದ ಅಜ್ಜಯ್ಯ ಕಂಬಳಿಯೊಳಗಿಂದ ತಲೆ ಎತ್ತಿದ್ದ. ಗೊಬ್ಬರಕ್ಕೆಂದು ಹೊಲದವರು ಹೇಳಿ ನಿಲ್ಲಿಸಿದ ಮಂದೆ, ಇಪ್ಪತ್ತು ದಿನದಿಂದ ಅಲ್ಲೇ ಇತ್ತು.

"ನಿನಗೂ ಕೇಳ್ತೈತಾ?"

"ಏನು?"

"ಏನಂತ ನನ್ನ ಕೇಳಬ್ಯಾಡಲೇ. ಕೇಳಿಸ್ತಂತನ ನಿಂತಿ."

ಇಬ್ಬರೂ ಕಿವಿಗೊಟ್ಟರು. ಸ್ಸ್ಸ್ಸ್… ಫುಕ್. ಬಾವಿಯ ಒಳಗಿನಿಂದ.

"ದಿನಾ ಹಿಂಗ?" ಅಮರೇಶನ ದನಿಯೂ ಇಳಿದಿತ್ತು.

"ದಿನಾ. ಊರು ಮಲಗಿದ ಮ್ಯಾಲ. ಕುರಿ ಎಲ್ಲಾ ಬೆನ್ನು ತಿರುಗಿಸಿ ಮಲಗ್ತಾವ. ನಾಯಿ ಈ ಕಡಿ ಬರೂದ ಬಿಟ್ಟೈತಿ."

"ನೀರಾಗ ಕಪ್ಪಿ ಇರಬೇಕು."

"ನೀರೆಲ್ಲೈತಿ ಅದರಾಗ? ಶಿವರಾತ್ರಿಗೇ ಬತ್ತಿ ನೆಲ ಒಡದೈತಿ. ಕಪ್ಪಿ ಅಂತ ಕಪ್ಪಿ… ಹೋಗು, ಮನಿಗೆ ಹೋಗು."

ಅಮರೇಶ ಮನೆಗೆ ಹೋಗಲಿಲ್ಲ. ಅಲ್ಲೇ ತಿರುಗಿ ಶೆಡ್ಡಿನ ಕಡೆ ಹೆಜ್ಜೆ ಹಾಕಿದ. ಧೈರ್ಯದಿಂದಲ್ಲ. ಬೆಳಿಗ್ಗೆ ಐದಕ್ಕೆ ಆ ಲಾರಿಯನ್ನು ಇದೇ ಇಳಿಜಾರಿನಲ್ಲಿ ಇಳಿಸಬೇಕಾದವನು ಮೈಲಾರೇಶ, ಅಮರೇಶನ ತಂಗಿ ಶೃತಿಯ ಗಂಡ. ಮದುವೆಯಾಗಿ ಎಂಟು ತಿಂಗಳು. ಶೇಂಗಾ ಚೀಲ ಹೇರಿ ಹಗ್ಗ ಬಿಗಿದೂ ಆಗಿತ್ತು. ಸಪ್ಪಳ ಮಾತ್ರ ಸಿಕ್ಕಿರಲಿಲ್ಲ.

ಅದಕ್ಕೂ ಹಿಂದಿನ ಮಾತೊಂದಿದೆ.

ತಿಂಗಳ ಕೆಳಗೆ ಆ ಲಾರಿಯ ಡ್ರೈವರ್ ಹಿರೇಹಡಗಲಿಯ ಎರ್ರೆಪ್ಪ. ಐವತ್ತು ದಾಟಿದ ಮನುಷ್ಯ. ಪೆಡಲು ಒತ್ತಿದರೆ ಸ್ಸ್ ಅಂತೈತಿ ಎಂದು ಗಾಡಿ ತಂದ. ಅಮರೇಶ ಕೆಳಗೆ ತೂರಿ ಮಲಗಿ "ಒತ್ತು" ಎಂದ, ಎರ್ರೆಪ್ಪ ಮೇಲೆ ಕೂತು ಒತ್ತಿದ. "ಬಿಡು" ಎಂದ, ಬಿಟ್ಟ. ಬೂಸ್ಟರಿನ ಸಪ್ಪಳ ಹುಡುಕುವುದೇ ಹಾಗೆ, ಒಬ್ಬನ ಕಾಲು, ಇನ್ನೊಬ್ಬನ ಕಿವಿ. ಕೊಳವೆಯಲ್ಲಿ ಬೆರಳುದ್ದ ಸೀಳು ಸಿಕ್ಕಿತು. ಹೊಸ ಕೊಳವೆ ಹೊಸಪೇಟೆಯಿಂದ ಬರಬೇಕು. ಎರ್ರೆಪ್ಪನಿಗೆ ಲೋಡು ಕಾಯುತ್ತಿತ್ತು. ಅಮರೇಶ ಇಲ್ಲಿಯ ಮೆಕ್ಯಾನಿಕ್‌ಗಳೆಲ್ಲ ಮಾಡುವುದನ್ನೇ ಮಾಡಿದ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು, ಸೀಳಿನ ಮೇಲೆ ಎಳೆದೆಳೆದು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ ಗಂಟು ಹಾಕಿದ. ನೀರಿನ ಪೈಪಿಗೆ, ಸ್ಪ್ರೇಯರಿಗೆ, ಮಂಚದ ಕಾಲಿಗೆ, ಎಲ್ಲಕ್ಕೂ ಅದೇ ಮದ್ದು. ಸಪ್ಪಳ ನಿಂತಿತು.

"ಸುಮ್ಮನಾತು ನೋಡಪಾ," ಎಂದ ಎರ್ರೆಪ್ಪ. ಆಮೇಲೆ, "ಪೆಡಲು ಸ್ವಲ್ಪ ಬಿಗಿ ಅನಸ್ತೈತಲ್ಲ?"

"ನಿನಗ ವಯಸ್ಸಾತು ಮಾರಾಯ, ಕಾಲಾಗ ಕಸುವಿಲ್ಲ. ನಡಿ."

ನೀರಿನ ಪೈಪು ಹೊರಕ್ಕೆ ತಳ್ಳುತ್ತದೆ. ಬೂಸ್ಟರಿನ ಕೊಳವೆ ಒಳಕ್ಕೆ ಎಳೆಯುತ್ತದೆ. ಎಂಜಿನ್ ಬಿಸಿಗೆ ಮೆತ್ತಗಾದ ಟ್ಯೂಬು ಶೆಡ್ಡಿನಲ್ಲೇ ಸೀಳಿನೊಳಗೆ ಎಳೆದುಕೊಂಡು ಹೋಗತೊಡಗಿ, ಎರಡು ದಿನದಲ್ಲಿ ಕೊಳವೆಯನ್ನೇ ಮುಚ್ಚಿತ್ತು. ಸಪ್ಪಳ ನಿಂತದ್ದು ಅದಕ್ಕೆ. ಮೂರನೇ ದಿನ ನಸುಕಿನಲ್ಲಿ ಲಾರಿ ಆಲದ ತಿರುವಿನಲ್ಲಿ ತಿರುಗಲಿಲ್ಲ.

ಮನೆ ಹತ್ತಿರವೇ. ಸದ್ದು ಕೇಳಿ ಮೊದಲು ಓಡಿದವನು ಅಮರೇಶ. ಎರ್ರೆಪ್ಪನ ಎರಡೂ ಕೈ ಸ್ಟೇರಿಂಗ್ ಮೇಲೆ ಇದ್ದವು, ಉಸಿರಿರಲಿಲ್ಲ. ಅಮರೇಶ ಆ ಕೈ ಬಿಡಿಸಲಿಲ್ಲ. ಮೊದಲು ಲಾರಿಯ ಕೆಳಗೆ ನುಸುಳಿ, ಟ್ಯೂಬಿನ ಪಟ್ಟಿ ಕೊಯ್ದು ಬಾವಿಗೆ ಎಸೆದ. ಆಮೇಲೆ ಕೂಗಿಕೊಂಡ. ಬಂದ ಜನ ನೋಡಿದರು. ಡ್ರೈವರ್ ಕುಡಿದು ನಿದ್ದೆ ಹೋಗಿದ್ದ ಎಂದರು. ಮೊದಲು ಯಾರೋ ಒಬ್ಬ ಅಂದ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಂದರು.

ಬಾವಿಯ ಸಪ್ಪಳ ಕೇಳಿದ ದಿನ ಮಧ್ಯಾಹ್ನವಷ್ಟೇ ಎರ್ರೆಪ್ಪನ ಹೆಂಡತಿ ದುರುಗಮ್ಮ ಶೆಡ್ಡಿಗೆ ಬಂದಿದ್ದಳು. ಅಮರೇಶ ಲಾರಿಯ ಕೆಳಗಿದ್ದ. ಅವಳ ಪಾದಗಳಷ್ಟೇ ಕಾಣುತ್ತಿದ್ದವು.

"ತಮ್ಮಾ, ನಿನ್ನಲ್ಲಿಂದ ಗಾಡಿ ಒಯ್ಯುವಾಗ ಅವ ಕುಡಿದಿದ್ನೇನು? ಮೈಲಾರಲಿಂಗನ ಆಣಿ ಮಾಡಿ ಬಿಟ್ಟು ಹನ್ನೆರಡು ವರ್ಷಾಗಿತ್ತು. ಊರಾಗ ನೀರಿಗೆ ಹೋದ್ರ ಹೆಂಗಸ್ರು ನಗ್ತಾರ… ನೀ ಒಂದು ಮಾತು ಹೇಳು."

"ನನಗೇನ್ ಗೊತ್ತವಾ," ಎಂದ ಅಮರೇಶ. ಕೆಳಗಿನಿಂದ ಹೊರಗೆ ಬರಲಿಲ್ಲ. ಪಾದಗಳು ಸ್ವಲ್ಪ ಹೊತ್ತು ನಿಂತು ಹೋದವು.

ಲಾರಿಯ ಮಾಲೀಕ ಕೊಟ್ಟೂರಿನ ಮಂಜಣ್ಣ ಮುಂಭಾಗ ಹೊಸದು ಕಟ್ಟಿಸಿ, ಬ್ರೇಕ್ ನೋಡಲೆಂದು ಮತ್ತೆ ಅಮರೇಶನಲ್ಲಿಗೇ ಕಳಿಸಿದ್ದ. ಅಮರೇಶ ಮೊದಲ ದಿನವೇ ಕೊಳವೆ ಹೊಸದು ಹಾಕಿದ. ಸ್ಸ್ ನಿಲ್ಲಲಿಲ್ಲ. ಡಬ್ಬಿ ಬಿಚ್ಚಿ ಒಳಗಿನ ರಬ್ಬರ್ ಬದಲಿಸಿದ. ನಿಲ್ಲಲಿಲ್ಲ. ವಾಲ್ವು ಬದಲಿಸಿದ. ಸೋಪಿನ ನೀರು ಬಳಿದು ನೋಡಿದ. ಏನೂ ಇಲ್ಲ, ಸಪ್ಪಳ ಮಾತ್ರ ಇದೆ.

"ಸಪ್ಪಳಕ್ಕ ಬ್ರೇಕ್ ಹಾಕ್ತೀಯೇನಲೇ?" ಎಂದಿದ್ದ ಮಂಜಣ್ಣ. "ಗಾಡಿ ನಿಂದರ್ತೈತಿಲ್ಲ? ಕಿವಿಗೆ ಹತ್ತಿ ಇಟ್ಕೊಂಡು ಕಳಿಸು."

ಶೆಡ್ಡಿಗೆ ವಾಪಸ್ ಬಂದಾಗ ಹನ್ನೊಂದೂವರೆ. ಕರೆಂಟ್ ಇರಲಿಲ್ಲ. ಅಮರೇಶ ಎಂಜಿನ್ ಚಾಲೂ ಮಾಡಿದ. ಗಳಗಳ ಗಳಗಳ… ಲಾರಿ ಮೈ ಕೊಡವಿ ನಿಂತಿತು. ಒತ್ತಲು ಇನ್ನೊಬ್ಬರಿಲ್ಲ. ಜಾಲಿಯ ಬಡಿಗೆಯನ್ನು ಸೀಟಿಗೂ ಪೆಡಲಿಗೂ ನಡುವೆ ಕೊಟ್ಟು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ. ಪೆಡಲು ಪೂರ್ತಿ ಒಳಗೆ ಕೂತಿತು. ಕೈಬ್ಯಾಟರಿ ಹಿಡಿದು ಕೆಳಗೆ ನುಸುಳಿದ.

ಕೇಳಿದ. ಎಂಜಿನ್ ಸದ್ದು ಬಿಟ್ಟರೆ ಏನಿಲ್ಲ.

ಕಣ್ಣು ಎಳೆಯುತ್ತಿದ್ದವು. ನೆಲ ತಣ್ಣಗಿತ್ತು. ಅಲ್ಲೇ ಮಲಗಿಬಿಟ್ಟರೆ ಹೇಗೆ ಅನ್ನಿಸಿತು. ನಿದ್ದೆಗಣ್ಣಿನಲ್ಲಿ ಬಾಯಿ ತನ್ನ ರೂಢಿಯ ಮಾತನ್ನು ತಾನೇ ಆಡಿತು.

"ಬಿಡು…"

ಬ್ಯಾಟರಿ ಬೆಳಕಿನಲ್ಲಿ ಪೆಡಲಿನ ಕಂಬಿ ಸರಕ್ಕನೆ ಹಿಂದಕ್ಕೆ ಬಂತು. ಫುಕ್.

ಬಡಿಗೆ ಜಾರಿತು ಎಂದುಕೊಂಡ. ಬೇರೆ ಏನನ್ನು ಅಂದುಕೊಳ್ಳುತ್ತಾನೆ? ಸ್ವಲ್ಪ ಹೊತ್ತು ಬಿಟ್ಟು, ಇದು ಬೇಡ ಎಂದು ತಿಳಿದೂ, ಮೆಲ್ಲಗೆ ಅಂದ.

"ಒತ್ತು."

ಕಂಬಿ ಮುಂದಕ್ಕೆ ಹೋಯಿತು. ಅವಸರವಿಲ್ಲ. ವಯಸ್ಸಾದ ಕಾಲು ಒತ್ತುವ ಹಾಗೆ, ಎರಡು ಕಂತಿನಲ್ಲಿ. ಸ್ಸ್ಸ್ಸ್…

"ಬಿಡು."

ಫುಕ್.

ಅಮರೇಶ ಓಡಲಿಲ್ಲ. ಓಡಬೇಕಾದರೆ ಮೊದಲು ಹೊರಗೆ ತೆವಳಬೇಕು, ಅದಕ್ಕೆ ಮೈಯಲ್ಲಿ ತ್ರಾಣವಿರಲಿಲ್ಲ. ಅಲ್ಲದೆ ಸಪ್ಪಳ ಈಗ ಚೆನ್ನಾಗಿ ಕೇಳುತ್ತಿತ್ತು. ಅವನು ಮೆಕ್ಯಾನಿಕ್. "ಒತ್ತು" ಎಂದು ಕಿವಿ ಸರಿಸಿದ. ಡಬ್ಬಿಯಲ್ಲಲ್ಲ. "ಬಿಡು." ವಾಲ್ವಿನಲ್ಲಲ್ಲ. "ಒತ್ತು." ಎಂಜಿನ್ ಕಡೆಗೆ ಹೋಗುವ ಹೊಸ ಕೊಳವೆಯ ಮೇಲೆ ಕೈ ಆಡಿಸುತ್ತ ಹೋದ. ಚಾಸಿಯ ಅಡ್ಡಪಟ್ಟಿಯ ಮೇಲುಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳಿಗೆ ಏನೋ ಮೆತ್ತಗೆ ತಾಗಿತು.

ಸೈಕಲ್ ಟ್ಯೂಬಿನ ಪಟ್ಟಿ. ಎಳೆದೆಳೆದು ಸುತ್ತಿದೆ. ತುದಿ ಒಳಕ್ಕೆ ಸಿಕ್ಕಿಸಿದೆ. ಅವನದೇ ಗಂಟು. ತೊಟ್ಟಿಕ್ಕುವಷ್ಟು ಒದ್ದೆ.

ಆ ಕೊಳವೆಯನ್ನು ಅವನೇ ಎರಡು ದಿನದ ಕೆಳಗೆ ಹೊಸದಾಗಿ ಹಾಕಿದ್ದು.

ಚಾಕುವಿನಿಂದ ಕೊಯ್ದು ತೆಗೆದ. ಒಳಗಿನ ಕೊಳವೆ ಹಾಗೇ ಇತ್ತು, ಒಂದು ಗೀರೂ ಇಲ್ಲ. ಮತ್ತೆ "ಒತ್ತು" ಎಂದ.

ಕಂಬಿ ಹೋಯಿತು. ಸಪ್ಪಳವಿಲ್ಲ.

"ಬಿಡು… ಸಾಕು, ಎರ್ರೆಪ್ಪ."

ಆಮೇಲೆ ಕಂಬಿ ಅಲ್ಲಾಡಲಿಲ್ಲ. ಪೆಡಲು ಒಳಗೇ ನಿಂತಿತ್ತು. ಮೇಲೆ ಹೋಗಿ ನೋಡಿದ. ಬಡಿಗೆ ಇಟ್ಟಲ್ಲೇ ಇತ್ತು. ತೆಗೆಯಲು ನಾಲ್ಕು ಏಟು ಸುತ್ತಿಗೆ ಬೇಕಾಯಿತು.

ಐದಕ್ಕೆ ಮೈಲಾರೇಶ ಬಂದಾಗ ಅಮರೇಶ ಕ್ಯಾಬಿನ್ನಿನಲ್ಲಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದ.

"ಬಾವಾ, ಮನಿಗೆ ಹೋಗಿಲ್ಲೇನು? ಸಿಕ್ತಾ ಸಪ್ಪಳ?"

"ಸಿಕ್ತು. ನಡಿ. ನಾನೂ ಹಿರೇಹಡಗಲಿತನ ಬರ್ತೀನಿ."

"ಯಾಕ? ನನ್ನ ಮ್ಯಾಲ ನಂಬಿಕಿ ಇಲ್ಲ?"

"ನನ್ನ ಮ್ಯಾಲ ಇಲ್ಲ. ನಡಿ."

ಆಲದ ಇಳಿಜಾರಿನಲ್ಲಿ ಅಮರೇಶ ಸೀಟಿನ ಅಂಚು ಹಿಡಿದುಕೊಂಡ. ಮೈಲಾರೇಶ ಪೆಡಲು ಒತ್ತಿದ. ಹೇರಿದ ಲಾರಿ ಮೆತ್ತಗೆ ವೇಗ ಇಳಿಸಿ ತಿರುವು ತಿರುಗಿತು. ಸಪ್ಪಳವೇ ಇಲ್ಲ. ಅಮರೇಶ ತಿಂಗಳ ನಂತರ ಮರದ ಕಡೆ ನೋಡಿದ.

ಹಿರೇಹಡಗಲಿಯಲ್ಲಿ ದುರುಗಮ್ಮ ಅಂಗಳ ಗುಡಿಸುತ್ತಿದ್ದಳು. ಅಮರೇಶ ನಿಂತೇ ಎಲ್ಲ ಹೇಳಿದ. ಟ್ಯೂಬು ಕಟ್ಟಿದ್ದು, ಪೆಡಲು ಬಿಗಿ ಅಂದಾಗ ನಕ್ಕದ್ದು, ಆಮೇಲೆ ಬಾವಿಗೆ ಎಸೆದದ್ದು. ರಾತ್ರಿಯದನ್ನು ಹೇಳಲಿಲ್ಲ. ಜೇಬಿನಲ್ಲಿದ್ದ ಪಟ್ಟಿಯಿಂದ ಅಂಗಿಯ ಮಗ್ಗುಲು ಒದ್ದೆಯಾಗಿತ್ತು.

ಅವಳು ಪೊರಕೆ ಕೆಳಗಿಟ್ಟಳು.

"ಹಂಗಾದ್ರ ಕುಡಿದಿದ್ದಿಲ್ಲ."

"ಇಲ್ಲವಾ."

"ನಿದ್ದಿನೂ ಮಾಡಿದ್ದಿಲ್ಲ."

"ಇಲ್ಲ. ಕಡೀತನಕ ಒತ್ತ್ಯಾನ."

ಅವಳು ಬೈಯಲಿಲ್ಲ. ಅತ್ತಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಅಳಲೂ ಇಲ್ಲ.

"ನನಗ ಹೇಳಿ ಏನು ಬಂತು?" ಎಂದಳು ಕೊನೆಗೆ. "ನನಗ ಗೊತ್ತಿತ್ತು. ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರಿಗೆ ಹೇಳು. ನಾ ನೀರಿನ ಕೊಡ ತಗೊಂಡು ಹಿಂದ ಬರ್ತೀನಿ. ಗಟ್ಟಿಯಾಗಿ ಹೇಳು."

ಹೇಳಿದ. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುರುಗಮ್ಮ ಅವರ ಮುಂದೆಯೇ ನಲ್ಲಿಗೆ ಹೋಗಿ, ಕೊಡ ತುಂಬಿಸಿಕೊಂಡು, ತಲೆ ಎತ್ತಿ ಮನೆಗೆ ಹೋದಳು. ಅಮರೇಶನ ಶೆಡ್ಡಿಗೆ ನಾಲ್ಕು ತಿಂಗಳು ಒಂದು ಗಾಡಿಯೂ ಬರಲಿಲ್ಲ. ಅದು ನ್ಯಾಯವೇ. ಬಾವಿಯ ಸಪ್ಪಳವೂ ನಿಂತಿತು ಎಂದು ಅಜ್ಜಯ್ಯ ಹೇಳುತ್ತಿದ್ದ. ನಾಯಿ ಮತ್ತೆ ಬಾವಿಯ ಕಟ್ಟೆಯ ಮೇಲೆ ಮಲಗತೊಡಗಿತಂತೆ.

ನಿದ್ದೆಗೆಟ್ಟವನಿಗೆ ಕಂಬಿ ಓಡಾಡಿದ ಹಾಗೆ ಕಂಡಿರಬಹುದು. ತಾನೇ ಕಟ್ಟಿ ತಾನೇ ಮರೆತಿರಬಹುದು. ಕಾಲೇಜು ಓದಿದವರು ಹೇಳಬೇಕಾದ್ದನ್ನೆಲ್ಲ ನಾನೂ ಅವನಿಗೆ ಹೇಳಿದ್ದೇನೆ. ಅವನು ವಾದ ಮಾಡಲಿಲ್ಲ. "ಹೋಗಿ ನೋಡು" ಎಂದಷ್ಟೇ ಹೇಳಿ ಕೆಲಸಕ್ಕೆ ತಿರುಗಿದ.

ಶೆಡ್ಡಿನ ಹಿಂದಿನ ತಗಡಿಗೆ ಮೊಳೆ ಹೊಡೆದು ಆ ಪಟ್ಟಿ ನೇತು ಹಾಕಿದ್ದಾನೆ. ನಾನು ನೋಡಿದ್ದು ಐದು ವರ್ಷದ ಮೇಲೆ, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಪಟ್ಟಿಯನ್ನು ಹಿಂಡಿ ನೋಡಿದೆ. ಒದ್ದೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಬೇಕಾಯಿತು. ಮೊಳೆಯ ಕೆಳಗೆ ತಗಡು ತುಕ್ಕು ಹಿಡಿದು, ನೆಲದ ತನಕ ಒಂದೇ ಗೆರೆಯಾಗಿ ಇಳಿದಿದೆ.