ಜೇಕಿನ ಕುಂಡ

ಮುಳಬಾಗಿಲು ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶ್ರೀವಾಣಿಯ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ತೊಡೆಯ ಮೇಲೆ ನರ್ಸರಿಯಿಂದ ತಂದ ಜೇಕು ಹುಲ್ಲಿನ ಕುಂಡವಿತ್ತು.

“ಗದ್ದೇಲಿ ಕಿತ್ತು ಕಿತ್ತು ಬಿಸಾಕ್ತಿದ್ವಲ್ಲಕ್ಕಾ, ಇದನ್ಯಾಕೆ ಕುಂಡದಲ್ಲಿ ಸಾಕ್ತೀಯಾ?”

“ಅಮ್ಮಂಗೆ ಕಣೇ ಸುನಂದಾ. ಹೂಳೆತ್ತಿದ ಮೇಲೆ ಕೆರೇಲಿ ಎಲ್ಲಿದೆ ಜೇಕು?”

“ಮನುಷ್ಯರ ಗುರುತೇ ಇಲ್ಲ ಅಮ್ಮಂಗೆ, ಗಿಡ ಗೊತ್ತಾಗುತ್ತಾ?”

“ನನ್ನ ಸೊಸೆ ಚೆಂದಕ್ಕೆ ಅಂತ ಮನೇಲಿ ಇದೇ ಜೇಕಿನ ಒಂದು ಕುಂಡ ತಂದಿಟ್ಟಿದ್ಲು. ಹಣ್ಣಾದ ಕಡ್ಡೀನ ಬುಡಕ್ಕೆ ಕತ್ತರಿಸಿ ಹಾಕಿದ್ದೆ. ಅಮ್ಮ ಅವನ್ನ ಆಯ್ಕೊಂಡು, ಉಗುರಲ್ಲಿ ಸೀಳಿ, ಚಾಪೆ ಹೆಣಿಯೋಕೆ ಕೂತ್ಕೊಂಡ್ಲು.”

“ಆಗ ಕೆರೆ ದಡದಲ್ಲಿ ಹೆಣೀತಿದ್ದಂಗಾ?”

“ಹಂಗೇ. ಅಂಗೈ ಅಗಲ ಆಗೋಷ್ಟರಲ್ಲಿ ಕಡ್ಡಿ ಮುಗಿದೋಯ್ತು. ಯಾರಿಗಮ್ಮಾ ಅಂದೆ. ನಮ್ಮ ಸುನಂದ ಬಾಣಂತನಕ್ಕೆ ಬರ್ತಾಳೆ ಅಂದ್ಲು.”

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ತಲೆಯಲ್ಲಿ ಆಗಲೇ ನರೆತ ಕೂದಲೇ ಹೆಚ್ಚಾಗಿತ್ತು. ಶ್ರೀವಾಣಿ ನೋಡಿಯೂ ನೋಡದಂತೆ ಕೂತಳು.

ಕೋಲಾರದ ಬಸ್ಸು ಬಂತು. “ನಿನ್ನ ಬಸ್ಸು ಕಣೇ, ಹೊರಡು” ಎಂದಳು ಅಕ್ಕ.

“ಹೋಗ್ಲಿ ಬಿಡಕ್ಕಾ. ಇದಕ್ಕೆ ನೀರು ಎಷ್ಟು ಹಾಕ್ಬೇಕು?”

“ಬುಡ ಒಣಗ್ಬಾರ್ದು, ಸದಾ ಕೆಸರಿರ್ಬೇಕು.”

ಅಕ್ಕನ ಊರಾದ ತಾಯಲೂರಿನ ಬಸ್ಸು ಬಂದಾಗ ಸುನಂದ ಕುಂಡವನ್ನು ತಾನೇ ಎತ್ತಿಕೊಂಡು ಅಕ್ಕನಿಗಿಂತ ಮೊದಲು ಹತ್ತಿದಳು.